ಪ್ರೋಗ್ರಾಂಗೊಂದು ಪ್ರೋಗ್ರಾಂ

"ಈ ಸಲ ಸೌಂಡಿನ ಜವಾಬ್ದಾರಿ ನನಗೆ ಬಿಟ್ಬಿಡು ರುದ್ರಾಣಿ. ನಿನ್ನ ಪ್ರೋಗ್ರಾಂಗೆ ನಾನೊಂದು ಪ್ರೋಗ್ರಾಂ ಬರೀತೀನಿ!"

ಹೀಗೆಂದು ನಾನು ಘೋಷಿಸಿದಾಗ ನನ್ನ ಒಂದು ಕೈಯಲ್ಲಿ ಟೀ ಲೋಟವೂ ಇನ್ನೊಂದು ಕೈಯಲ್ಲಿ ಒಂದು ಮುಷ್ಟಿ ಖಾರದ ಮಂಡಕ್ಕಿಯೂ ಇದ್ದವು. ಇರಲಿ, ಮಹಾಪ್ರತಿಜ್ಞೆಗಳೆಲ್ಲ ಖಡ್ಗ ಹಿಡಿದೇ ಆಗಬೇಕೆಂಬ ಕಾನೂನೇನೂ ಇಲ್ಲವಲ್ಲ!

ರುದ್ರಾಣಿ ನನ್ನ ಧರ್ಮಪತ್ನಿ. ನಮ್ಮ ನ್ಯಾಮತಿಯ ಸುವರ್ಣಸಿರಿ ಮಹಿಳಾ ಬಳಗಕ್ಕೆ ಈ ವರ್ಷವಷ್ಟೇ ಅಧ್ಯಕ್ಷೆಯಾಗಿದ್ದಳು. ಬಳಗದ ವಾರ್ಷಿಕೋತ್ಸವ ಹತ್ತಿರ ಬಂದಂತೆ ಅವಳ ಎದೆ ಡವಡವ ಎನ್ನತೊಡಗಿತ್ತು. ಕಾರಣ, ಹಿಂದಿನ ಅಧ್ಯಕ್ಷೆ ವಾಣಿಶ್ರೀ. ಆಕೆ ಬಹಳ ವರ್ಷ ಆ ಕುರ್ಚಿಯಲ್ಲಿ ಕೂತು, ಇಳಿಯುವಾಗ "ಮಾಡ್ರಮ್ಮ, ಮಾಡ್ರಿ. ಹೆಂಗ್ ಮಾಡ್ತೀರೋ ನಾನೂ ನೋಡ್ತೀನಿ" ಎಂದು ಹರಸಿದ್ದರು. ಆ ಹರಕೆಯಲ್ಲಿ ಸಕ್ಕರೆಗಿಂತ ಸುಣ್ಣವೇ ಹೆಚ್ಚಿತ್ತು.

ಆದರೆ ವಾಣಿಶ್ರೀಯವರ ಕಾಲದಲ್ಲೂ ಎಲ್ಲ ಸುಗಮವಾಗಿತ್ತೇ? ಹೋದ ವರ್ಷ ಪ್ರಾರ್ಥನೆಯನ್ನು ಅವರ ಮೊಬೈಲಿನಿಂದಲೇ ಹಾಕಿದ್ದರು. ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿ ನಿಂತಿರುವಾಗ ನಡುವೆ ಕರೆ ಬಂದು, ಯಾರದೋ ಬೆರಳು ತಾಗಿ, ಇಡೀ ಸಭೆಗೆ ಅವರ ಯಜಮಾನರ ಧ್ವನಿ ಮೊಳಗಿತ್ತು: "ಎಲ್ಲಿದೀಯೇ? ಹಾಲು ಉಕ್ಕಿ ಒಲೆ ಎಲ್ಲಾ ಹೊಲಸಾಗೈತೆ!" ಅಂಥದ್ದೇನೂ ತನ್ನ ಕಾಲದಲ್ಲಿ ಆಗಬಾರದೆಂಬುದು ರುದ್ರಾಣಿಯ ಹಟ.

"ನೀವು ಬರಿಯೋದೇನೋ ಬರೀರಿ. ಆದ್ರೆ ಆ ದಿನ ಕೈ ಕೊಡಂಗಿಲ್ಲ ನೋಡ್ರಿ" ಎಂದಳು ರುದ್ರಾಣಿ.

"ಕೈ ಕೊಡಾಕೆ ಅದೇನು ಮನುಷ್ಯನಾ? ಕಂಪ್ಯೂಟರ್ ಕಣೇ! ನಾನು ಏನು ಹೇಳ್ತೀನೋ ಅದನ್ನೇ ಮಾಡ್ತೈತೆ."

"ಅದೇ ಭಯ ನಂಗೆ" ಎಂದು ಅವಳು ಒಳಗೆ ಹೋದಳು.

ನನ್ನ ಆತ್ಮವಿಶ್ವಾಸಕ್ಕೂ ಕಾರಣವಿತ್ತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಆನ್‌ಲೈನ್ ಪಾಠ ನೋಡಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದೆ. ಪೈಥಾನ್ ಎಂದರೆ ಹೆಬ್ಬಾವು! ಹೆಬ್ಬಾವನ್ನೇ ಕೊರಳಿಗೆ ಸುತ್ತಿಕೊಂಡವನಿಗೆ ಮಹಿಳಾ ಬಳಗದ ಹಾಡು ಹಾಕುವುದು ಯಾವ ಲೆಕ್ಕ? ಅಲ್ಲದೆ ನನ್ನ ಖಾತೆಯಲ್ಲಿ ಆಗಲೇ ಒಂದು ಜಯಭೇರಿ ಇತ್ತು. ಗೋವಿನಕೋವಿಯಲ್ಲಿ ಬೇಸಾಯ ಮಾಡುವ ನನ್ನ ಬಾಮೈದ ರುದ್ರಮುನಿಯ ಮೆಕ್ಕೆಜೋಳಕ್ಕೆ ಮಂಗಗಳ ಕಾಟ. ಅವು ತೆನೆ ಮುರಿದುಕೊಂಡು, ಕಾವಲಿಗೆಂದು ಕಟ್ಟಿದ್ದ ಅಟ್ಟಣೆಯ ಮೇಲೇ ಹತ್ತಿ ಕೂತು, ಅತಿಥಿಗಳಂತೆ ತಿನ್ನುತ್ತಿದ್ದವು. ಅದಕ್ಕೆ ನಾನೊಂದು ಪ್ರೋಗ್ರಾಂ ಬರೆದುಕೊಟ್ಟೆ. ಒಂದು ಒತ್ತಿದರೆ ನಾಯಿಗಳ ಬೊಗಳು. ಎರಡು ಒತ್ತಿದರೆ ತಟ್ಟೆ ಬಡಿಯುತ್ತ ರುದ್ರಮುನಿ ಕೂಗುವ ಕೂಗು. ಮೂರು ಒತ್ತಿದರೆ ಪಟಾಕಿ. ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ಹೊಲಕ್ಕೆ ಒಯ್ದು ಪರೀಕ್ಷಿಸಿದೆವು. ಎರಡು ಒತ್ತಿದ್ದೇ ತಡ, ಅಟ್ಟಣೆ ಖಾಲಿ! ಮಂಗಗಳಷ್ಟೇ ಅಲ್ಲ, ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದವರೂ ಕುಡುಗೋಲು ಬಿಟ್ಟು ಓಡಿದ್ದರು.

ಅದೇ ಪ್ರೋಗ್ರಾಮನ್ನು ಈಗ ಬಳಗಕ್ಕೆ ಬಳಸಿದರೆ ಆಯಿತು! ಹೊಸ ಫೋಲ್ಡರ್ ಒಂದನ್ನು ಮಾಡಿ, ಒಂದನೇ ಸಂಖ್ಯೆಗೆ ಪ್ರಾರ್ಥನೆ, ಎರಡಕ್ಕೆ ಸ್ವಾಗತಗೀತೆ, ಮೂರಕ್ಕೆ ಸನ್ಮಾನದ ಮಂಗಳವಾದ್ಯ ಇಟ್ಟೆ. ಬಳಗದವರೇ ಹಾಡಿ, ನಾನೇ ರೆಕಾರ್ಡ್ ಮಾಡಿದ್ದು. ಪ್ರೋಗ್ರಾಮಿಗೆ 'ನಾದಸಾಮ್ರಾಟ' ಎಂದು ನಾಮಕರಣವನ್ನೂ ಮಾಡಿದೆ. ಮನೆಯಲ್ಲಿ ದಿನವೂ ಪರೀಕ್ಷೆ. ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಹಾಡಿನ ಫೋಲ್ಡರಿನೊಳಗೆ ಹೋಗಿ ನಿಂತು, ಪ್ರೋಗ್ರಾಮಿನ ಹೆಸರು ಟೈಪ್ ಮಾಡುತ್ತಿದ್ದೆ. ಒಂದು ಒತ್ತಿದರೆ ಪ್ರಾರ್ಥನೆ! ಎರಡು ಒತ್ತಿದರೆ ಸ್ವಾಗತ! ತಪ್ಪಿದ್ದೇ ಇಲ್ಲ. ಒಲೆಯ ಮುಂದಿದ್ದ ರುದ್ರಾಣಿ ಕೂಡ ಕೊನೆಗೆ, "ಪರ್ವಾಗಿಲ್ಲ ಕಣ್ರೀ" ಎಂದುಬಿಟ್ಟಳು. ಮದುವೆಯಾದಾಗಿನಿಂದ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದೇ!

ಪ್ರಶಸ್ತಿ ತಲೆಗೇರಿತು. ಅಧ್ಯಕ್ಷೆಯ ಗಂಡ ಲ್ಯಾಪ್‌ಟಾಪಿನ ಹಿಂದೆ ಗುಬ್ಬಚ್ಚಿಯಂತೆ ಮುದುರಿ ಕೂರುವುದೆಂದರೇನು? ಹೊಸ ಜುಬ್ಬ ತೊಟ್ಟು ಮುಂದಿನ ಸಾಲಿನಲ್ಲಿ ವಿರಾಜಮಾನನಾಗಬೇಡವೇ? ಹಾಗಾಗಿ ಒತ್ತುವ ಕೆಲಸವನ್ನು ಬಳಗದ ಸದಸ್ಯೆ ಚೈತ್ರಶ್ರೀಗೆ ವಹಿಸಿದೆ. ಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಚುರುಕಾದ ಹೆಣ್ಣುಮಗಳು. ಆದರೆ ಕಪ್ಪು ಕಿಟಕಿ ಕಂಡು ಬೆಚ್ಚಿದಳು.

"ಸಾರ್, ಇದ್ರಾಗೆ ಏನಾದ್ರೂ ಒತ್ತಿದ್ರೆ ಎಲ್ಲಾ ಅಳಿಸಿ ಹೋಗ್ತೈತೇನೋ ಅನ್ಸುತ್ತೆ. ಒಂದು ಚಿತ್ರ ಇಟ್ಟುಬಿಡ್ರಿ, ಅದನ್ನ ಒತ್ತಿ ತೆಗೀತೀನಿ."

ಅಷ್ಟೇ ತಾನೇ? ಪರದೆಯ ಮೇಲೆ ರುದ್ರಮುನಿಯ ಪ್ರೋಗ್ರಾಮಿಗೆಂದು ಮಾಡಿದ್ದ ಮಂಗನ ಚಿತ್ರ ಇತ್ತು. ಅದರ ನಕಲು ತೆಗೆದು, ಮಂಗನನ್ನು ಕಿತ್ತು, ಅಲ್ಲೊಂದು ವೀಣೆ ಕೂರಿಸಿ, ಕೆಳಗೆ 'ನಾದಸಾಮ್ರಾಟ' ಎಂದು ಬರೆದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಕೆಲಸ ಮುಗಿಯಿತು. ಪ್ರೋಗ್ರಾಂ ಹಳೆಯದೇ, ಚೆನ್ನಾಗಿ ಪಳಗಿದ್ದೇ. ಚಿತ್ರವನ್ನು ಒತ್ತಿ ಬೇರೆ ಪರೀಕ್ಷಿಸುವುದೇಕೆ? ಮುಂಬಾಗಿಲಿನಿಂದ ಹೋದರೂ ಹಿತ್ತಲ ಬಾಗಿಲಿನಿಂದ ಹೋದರೂ ಒಳಗಿರುವುದು ಅದೇ ಮನೆಯಲ್ಲವೇ!

ವಾರ್ಷಿಕೋತ್ಸವದ ದಿನ ಸಮುದಾಯ ಭವನ ತುಂಬಿತ್ತು. ವೇದಿಕೆಯ ಮೇಲೆ ರುದ್ರಾಣಿ ರೇಷ್ಮೆ ಸೀರೆಯಲ್ಲಿ ಮಿಂಚುತ್ತಿದ್ದಳು. ಮೊದಲ ಸಾಲಿನ ನಟ್ಟನಡುವೆ ವಾಣಿಶ್ರೀ ಕೈಕಟ್ಟಿ ಕೂತಿದ್ದರು. ಮುಖ್ಯ ಅತಿಥಿ ಹೊನ್ನಾಳಿಯ ಜಯದೇವಪ್ಪನವರು. ನಿವೃತ್ತ ಪ್ರಾಂಶುಪಾಲರು, ಸಜ್ಜನರು, ದೋಷವೆಂದರೆ ಭಾಷಣವೊಂದೇ. "ಎರಡು ಮಾತಾಡಿ ಮುಗಿಸ್ತೀನಿ" ಎಂದು ಅವರು ಹೇಳಿದರೆ ಅಡುಗೆಯವರು ಒಲೆಯ ಬೆಂಕಿ ತಗ್ಗಿಸುತ್ತಿದ್ದರು. ಊಟ ಇನ್ನು ಸಂಜೆಗೇ ಎಂದು ಅವರಿಗೆ ಗೊತ್ತು!

"ಈಗ ಪ್ರಾರ್ಥನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು" ಎಂದಳು ರುದ್ರಾಣಿ.

ಎಲ್ಲರೂ ಎದ್ದರು. ಕೈಮುಗಿದರು. ಕಣ್ಣು ಮುಚ್ಚಿದರು. ಚೈತ್ರಶ್ರೀ ವೀಣೆಯ ಚಿತ್ರ ಒತ್ತಿದಳು. ಆಮೇಲೆ ಒಂದು ಒತ್ತಿದಳು.

"ಬೌ! ಬೌ! ಬೌಬೌಬೌ!"

ಪ್ರಾರ್ಥನೆಗೆ ನಿಂತಿದ್ದ ಸಭೆ ಕುರ್ಚಿ ಹತ್ತಿತು! ಸೀರೆಯ ನೆರಿಗೆ ಎತ್ತಿಕೊಂಡು, "ಅಯ್ಯೋ, ನಾಯಿ ಒಳಗೆ ಬಂದೈತೆ!" ಎಂದು ಒಬ್ಬರು ಕಿರುಚಿದರೆ, "ಒಂದಲ್ಲ ಕಣ್ರೀ, ಹಿಂಡೇ ಐತೆ!" ಎಂದು ಇನ್ನೊಬ್ಬರು. ಭವನದ ಕಾವಲುಗಾರ ಸಣ್ಣಪ್ಪ ಕೋಲು ಹಿಡಿದು ಓಡಿಬಂದು ವೇದಿಕೆಯ ಕೆಳಗೆ ತೂರಿದ. ಒಳಗಿನಿಂದ, "ಎಲ್ಲಿ ಐತ್ರೀ? ಕಾಣವಲ್ದು!" ಎಂದು ಅವನ ಕೂಗು ಬೇರೆ.

ನಾನು ಹಾರಿ ಹೋಗಿ ಪ್ರೋಗ್ರಾಂ ಮುಚ್ಚಿದೆ. ನನ್ನ ಕಪ್ಪು ಕಿಟಕಿ ತೆರೆದೆ. ಹಾಡಿನ ಫೋಲ್ಡರಿಗೆ ಹೋಗಿ, ಹೆಸರು ಟೈಪ್ ಮಾಡಿ, ಒಂದು ಒತ್ತಿದೆ. ಪ್ರಾರ್ಥನೆ ಜೇನಿನಂತೆ ಹರಿಯಿತು! ಸಭೆ ಕುರ್ಚಿಯಿಂದಿಳಿದು ಮತ್ತೆ ಕೈಮುಗಿಯಿತು.

"ನೋಡಿದೇನಮ್ಮ? ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ನೀನು ಏನೋ ಹೆಚ್ಚು ಕಡಿಮೆ ಒತ್ತಿದೀಯ" ಎಂದೆ ಚೈತ್ರಶ್ರೀಗೆ.

"ಇಲ್ಲ ಸಾರ್, ಒಂದೇ ಒತ್ತಿದ್ದು!"

"ಒತ್ತೋದ್ರಲ್ಲೂ ಒಂದು ಶಿಸ್ತು ಇರ್ತೈತೆ. ನಿಧಾನವಾಗಿ ಒತ್ತು" ಎಂದು ಬೋಧಿಸಿ, ಅವಳಿಗೆ ಭಯವಾಗದಿರಲೆಂದು ಕಪ್ಪು ಕಿಟಕಿ ಮುಚ್ಚಿ, ಜುಬ್ಬ ಸರಿಮಾಡಿಕೊಂಡು ಹೋಗಿ ಕೂತೆ.

ಅತಿಥಿಗಳನ್ನು ವೇದಿಕೆಗೆ ಕರೆಯುವ ಸರದಿ ಬಂತು. ಜಯದೇವಪ್ಪನವರು ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು, ತಟ್ಟೆಯಲ್ಲಿಟ್ಟಿದ್ದ ಗೋಡಂಬಿಯೊಂದನ್ನು ಬಾಯಿಗೆ ಹಾಕಿಕೊಂಡರು. ರುದ್ರಾಣಿ ಕಣ್ಸನ್ನೆ ಮಾಡಿದಳು. ಚೈತ್ರಶ್ರೀ ದೇವರನ್ನು ನೆನೆದು, ಗುರುಗಳ ಆಜ್ಞೆಯಂತೆ ಬಹಳ ನಿಧಾನವಾಗಿ ವೀಣೆ ಒತ್ತಿ, ಅಷ್ಟೇ ನಿಧಾನವಾಗಿ ಎರಡು ಒತ್ತಿದಳು.

ಢಣ್ ಢಣ್ ಢಣಾರ್! "ಏಯ್! ಇಳೀರಲೇ ಕೆಳಗೆ! ತಿಂದಿದ್ದು ಸಾಕಾಗ್ಲಿಲ್ಲೇನ್ರಲೇ? ಬಂದ ದಾರಿ ಹಿಡೀರಿ!"

ನನ್ನ ಬಾಮೈದನ ಕಂಠ! ಎಂಥ ಕಂಠ! ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಏಕಕಾಲಕ್ಕೆ!

ಜಯದೇವಪ್ಪನವರ ಬಾಯಲ್ಲಿ ಗೋಡಂಬಿ ನಿಂತಿತು. ಅವರು ಗೋಡಂಬಿಯ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದರು. ರುದ್ರಾಣಿಯ ಮುಖ ಸೀರೆಯ ಬಣ್ಣಕ್ಕೆ ತಿರುಗಿತು. ಸೀರೆ ಕೆಂಪು. ವಾಣಿಶ್ರೀ ಕಟ್ಟಿದ್ದ ಕೈ ಬಿಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು.

ನಾನು ಮತ್ತೆ ಹಾರಿದೆ. "ಚೈತ್ರಶ್ರೀ! ಏನಮ್ಮ ಇದು?"

ಈ ಸಲ ಅವಳು ಬಿಡಲಿಲ್ಲ. "ಸಾರ್, ನಂದೇನು ತಪ್ಪೈತೆ? ನೀವೇ ಇಲ್ಲಿ ಕೂತು ಇದೇ ವೀಣೆ ಒತ್ತಿ ನೋಡ್ರಿ!"

"ಒತ್ತುತ್ತೀನಿ! ಎಲ್ಲರ ಮುಂದೆ ಒತ್ತುತ್ತೀನಿ!" ಎಂದು ನಾನು ಮೈಕನ್ನೇ ಕೈಗೆತ್ತಿಕೊಂಡೆ. ವಿನಾಶಕಾಲ ಬಂದಾಗ ಮನುಷ್ಯನ ಕೈಗೆ ಮೊದಲು ಸಿಗುವುದು ಮೈಕೇ. "ಮಾನ್ಯರೇ, ಗೊಂದಲಕ್ಕೆ ಕ್ಷಮೆಯಿರಲಿ. ಯಂತ್ರ ಎಂದೂ ತಪ್ಪು ಮಾಡುವುದಿಲ್ಲ, ಮನುಷ್ಯನ ಬೆರಳು ತಪ್ಪು ಮಾಡುತ್ತದೆ. ಈಗ ಸರಿಯಾದ ಬೆರಳಿನಿಂದ ಮಂಗಳವಾದ್ಯ ಕೇಳಿ!"

ವೀಣೆ ಒತ್ತಿದೆ. ಮೂರು ಒತ್ತಿದೆ.

ಢಂ! ಢಂ! ಚಟಪಟಚಟಪಟ ಢಮಾರ್!

ವೇದಿಕೆಯ ಕೆಳಗೆ ಇನ್ನೂ ನಾಯಿ ಹುಡುಕುತ್ತಿದ್ದ ಸಣ್ಣಪ್ಪ, "ಸತ್ನೆಪ್ಪೋ!" ಎಂದು ಹೊರಬಿದ್ದ. ಸಭೆಯಲ್ಲಿ ನಗೆಯ ಕಟ್ಟೆ ಒಡೆಯಿತು. ನನ್ನ ಸರಿಯಾದ ಬೆರಳು ಗಾಳಿಯಲ್ಲೇ ನಿಂತಿತ್ತು.

ರುದ್ರಾಣಿ ವೇದಿಕೆಯಿಂದಿಳಿದು ನನ್ನ ಪಕ್ಕ ಬಂದು ನಿಂತಳು. ಸಭೆಗೆ ಕಾಣುವಂತೆ ಮುಗುಳ್ನಗೆ, ನನಗಷ್ಟೇ ಕೇಳುವಂತೆ ಗುಡುಗು.

"ಏನ್ರೀ, ಮನ್ಯಾಗೆ ದಿನಾ ಸರಿಯಾಗಿ ಹಾಡ್ತಿತ್ತಲ್ಲ?"

"ಅದೇ ಪ್ರೋಗ್ರಾಂ ಕಣೇ! ಒಂದಕ್ಷರ ಬದಲಾಗಿಲ್ಲ!"

"ಮನ್ಯಾಗೂ ಈ ವೀಣೆನೇ ಒತ್ತಿದ್ರಾ?"

"ಇಲ್ಲ. ಅಲ್ಲಿ ಕಪ್ಪು ಕಿಟಕಿಯಿಂದ ಶುರು ಮಾಡ್ತಿದ್ದೆ. ಹೆಂಗೆ ಶುರು ಮಾಡಿದ್ರೇನು, ಶುರುವಾಗೋದು ಅದೇ ತಾನೇ?"

ಹಾಗೆಂದವನು ಅಲ್ಲೇ ತಣ್ಣಗಾದೆ. ವೀಣೆಯ ಚಿತ್ರದ ಹೊಟ್ಟೆ ಸೀಳಿ ಒಳಗೇನಿದೆಯೆಂದು ನೋಡಿದೆ. ಮಂಗನ ಚಿತ್ರದ ನಕಲಲ್ಲವೇ? ಮುಖ ಬದಲಾಗಿತ್ತು, ಹೆಸರು ಬದಲಾಗಿತ್ತು, ಆದರೆ ಒಳಗೆ ಒಂದು ಸಾಲು ಹಾಗೇ ಉಳಿದಿತ್ತು: ಮಂಗನ ಫೋಲ್ಡರಿನಲ್ಲಿ ನಿಂತು ಶುರು ಮಾಡು! ನಾನೋ ಪ್ರೋಗ್ರಾಮಿನಲ್ಲಿ, "ಇಲ್ಲಿರುವ ಒಂದು, ಇಲ್ಲಿರುವ ಎರಡು, ಇಲ್ಲಿರುವ ಮೂರು" ಎಂದಷ್ಟೇ ಬರೆದಿದ್ದೆ. ಮನೆಯಲ್ಲಿ ಹಾಡಿನ ಫೋಲ್ಡರಿನಲ್ಲಿ ನಿಂತು ಶುರು ಮಾಡಿದಾಗ 'ಇಲ್ಲಿ' ಎಂದರೆ ಹಾಡು. ವೀಣೆ ಒತ್ತಿದಾಗ ಪಾಪ, ಅದು ನಿಂತದ್ದು ಮಂಗಗಳ ನಡುವೆ. ಅಲ್ಲಿ 'ಇಲ್ಲಿ' ಎಂದರೆ ನಾಯಿ, ರುದ್ರಮುನಿ, ಪಟಾಕಿ!

ಪಿಸುದನಿಯಲ್ಲಿ ಇದನ್ನೆಲ್ಲ ಒಪ್ಪಿಸಿದೆ.

"ಅಂದ್ರೆ, 'ಇಲ್ಲಿ' ಅಂದ್ರೆ ಎಲ್ಲಿ ಅಂತ ನೀವು ಅದಕ್ಕೆ ಹೇಳೇ ಇಲ್ಲ?" ಎಂದಳು ರುದ್ರಾಣಿ.

"ಹೇಳೋ ಅಗತ್ಯ ಬೀಳಲಿಲ್ಲ..."

"ನಾನು ಅಡುಗೆಮನ್ಯಾಗೆ ನಿಂತು 'ಇಲ್ಲೇ ಐತೆ ಬರ್ರೀ' ಅಂದ್ರೆ, ನೀವು ಹಾಲ್‌ನಾಗೆ ಸೋಫಾ ಎತ್ತಿ 'ಇಲ್ಲಿ ಇಲ್ಲ ಕಣೇ' ಅಂತೀರಲ್ಲ, ಹಂಗಾತು! ಬರೆದೋರ ಬುದ್ಧಿನೇ ಬಂದೈತೆ ಅದಕ್ಕೆ. ಪಾಪ ಚೈತ್ರಶ್ರೀನ ಬೈದ್ರಲ್ರೀ!"

ಆಗ ವೇದಿಕೆಯಿಂದ ಜಯದೇವಪ್ಪನವರ ಧ್ವನಿ ಬಂತು. "ಮೇಷ್ಟ್ರೇ, ಆ ಕೂಗಿದ ಪುಣ್ಯಾತ್ಮ ಯಾರ್ರೀ?"

ಮುಚ್ಚಿಡಲು ಇನ್ನೇನು ಉಳಿದಿತ್ತು? ಮೈಕ್ ಕೈಯಲ್ಲೇ ಇತ್ತು. "ನನ್ನ ಬಾಮೈದ ಸಾರ್. ಗೋವಿನಕೋವಿಯವನು. ಅದು ತಮಗೆ ಹೇಳಿದ್ದಲ್ಲ ಸಾರ್... ಹೊಲದಾಗೆ ಮಂಗಗಳಿಗೆ ಹೇಳಿದ್ದು."

"ಮಂಗಗಳು ಏನು ಮಾಡಿದ್ವು?"

"ಆ ಕ್ಷಣಾನೇ ಇಳಿದು ಹೋದ್ವು ಸಾರ್."

ಜಯದೇವಪ್ಪನವರು ಗಂಭೀರವಾಗಿ ಎದ್ದು, ಶಾಲು ಸರಿಮಾಡಿಕೊಂಡು ವೇದಿಕೆಯ ಮೈಕಿನ ಮುಂದೆ ನಿಂತರು.

"ಮಂಗಗಳಿಗಿರೋ ತಿಳಿವಳಿಕೆ ನನಗೂ ಐತೆ ಅಂತ ತೋರಿಸಬೇಕಲ್ಲಮ್ಮ! ಭಾಷಣ ಉದ್ದಕ್ಕೆ ಬರ್ಕೊಂಡು ಬಂದಿದ್ದೆ. ಇರ್ಲಿ ಬಿಡ್ರಿ. ನೀವೆಲ್ಲ ಒಟ್ಟಾಗಿ ಸೇರ್ತೀರಿ, ನಗ್ತೀರಿ, ಒಬ್ರಿಗೊಬ್ರು ಆಗ್ತೀರಿ. ಅದಕ್ಕಿಂತ ಹೆಚ್ಚಿಂದು ನಾನೇನು ಹೇಳ್ಲಿ? ಬಳಗಕ್ಕೆ ಒಳ್ಳೇದಾಗ್ಲಿ. ನಮಸ್ಕಾರ!"

ಕೂತೇಬಿಟ್ಟರು! ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಗೆ ಭವನದ ಹೆಂಚು ಅದುರಿತು. ಅಡುಗೆಮನೆಯಿಂದ ಒಬ್ಬ ಸೌಟು ಹಿಡಿದು ಓಡಿಬಂದು, "ಮುಗೀತಾ? ಏನು, ನಿಜವಾಗ್ಲೂ ಮುಗೀತಾ?" ಎಂದು ಕೇಳಿ, ಮತ್ತೆ ಒಲೆ ಉರಿಸಲು ಓಡಿದ. ಜಯದೇವಪ್ಪನವರು ಗೋಡಂಬಿಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ನೆಮ್ಮದಿಯಾಗಿ ತಿನ್ನತೊಡಗಿದರು.

ಉಳಿದ ಕಾರ್ಯಕ್ರಮವನ್ನು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಲಿಲ್ಲ. ಹೊಸ ಜುಬ್ಬದ ತೋಳು ಮಡಿಸಿ, ಲ್ಯಾಪ್‌ಟಾಪಿನ ಹಿಂದೆ ಗುಬ್ಬಚ್ಚಿಯಾಗಿ ಮುದುರಿ, ಕಪ್ಪು ಕಿಟಕಿಯಿಂದಲೇ ಹಾಡು ಹಾಕಿದೆ. ಚೈತ್ರಶ್ರೀಗೆ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಸಾರ್, ಒತ್ತೋ ಶಿಸ್ತು ಚೆನ್ನಾಗಿ ಕಲಿಸಿದ್ರಿ" ಎಂದು ಅವಳು ನನ್ನ ಕುರ್ಚಿಯಲ್ಲಿ ಹೋಗಿ ಕೂತಳು.

ಎಲ್ಲ ಮುಗಿಯುವ ಹೊತ್ತಿಗೆ ವಾಣಿಶ್ರೀ ಎದ್ದು ಮೈಕಿನ ಕಡೆ ಹೊರಟರು. ರುದ್ರಾಣಿಯ ಮುಖ ಬಿಳುಚಿತು. ನಾನು ಲ್ಯಾಪ್‌ಟಾಪಿನ ಪರದೆಯನ್ನು ಇನ್ನಷ್ಟು ಮೇಲೆತ್ತಿ ಅದರ ಹಿಂದೆ ಅಡಗಿದೆ.

"ನಾನು ಇಷ್ಟು ವರ್ಷ ಅಧ್ಯಕ್ಷೆಯಾಗಿ ಎಷ್ಟೋ ಪ್ರೋಗ್ರಾಂ ಮಾಡಿದೀನಿ" ಎಂದು ಅವರು ಆರಂಭಿಸಿದರು. "ಶಿಸ್ತಿತ್ತು, ಸಮಯ ಇತ್ತು, ಎಲ್ಲಾ ಇತ್ತು. ಆದ್ರೆ ಒಂದರಾಗೂ ಯಾರೂ ನಿದ್ದೆ ಮಾಡ್ದೇ ಇದ್ದಿದ್ದನ್ನ ನಾನು ನೋಡಿರ್ಲಿಲ್ಲ. ಊಟಾನೂ ಬಿಸಿಬಿಸಿ ಸಿಗ್ತಾ ಐತೆ. ನಕ್ಕು ನಕ್ಕು ಹೊಟ್ಟೆ ಬೇರೆ ಖಾಲಿ ಆಗೈತೆ. ರುದ್ರಾಣಿ, ಮುಂದಿನ ವರ್ಷಕ್ಕೂ ನೀನೇ ಅಧ್ಯಕ್ಷೆ ಆಗಮ್ಮ!"

ಮತ್ತೆ ಚಪ್ಪಾಳೆ. ರುದ್ರಾಣಿ ಓಡಿಹೋಗಿ ಅವರನ್ನು ಅಪ್ಪಿಕೊಂಡಳು. ಆ ನೂಕುನುಗ್ಗಲಿನಲ್ಲಿ, ಪ್ರೋಗ್ರಾಂ ಬರೆದವನನ್ನು ಯಾರೂ ನೆನೆಯಲಿಲ್ಲವೆಂದು ನನಗೆ ಸ್ವಲ್ಪ ಬೇಸರವೇ ಆಯಿತೆಂದರೆ, ನನ್ನ ನಾಚಿಕೆಗೇಡಿತನವನ್ನು ನೀವೇ ಅಳೆಯಬಹುದು.

ಮನೆಗೆ ಬಂದಮೇಲೆ ಏನು ಕಾದಿದೆಯೋ ಎಂದು ಚಪ್ಪಲಿಯನ್ನೂ ಸದ್ದಿಲ್ಲದೆ ಬಿಟ್ಟೆ. ರುದ್ರಾಣಿ ಸೋಫಾದ ಮೇಲೆ ಕೂತು, ನನ್ನ ಮುಖ ನೋಡಿ, "ಸರಿಯಾದ ಬೆರಳು!" ಎಂದಳು. ಅಷ್ಟೇ. ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಾನೂ ನಕ್ಕೆ. ಅಧ್ಯಕ್ಷೆಯಾದ ದಿನದಿಂದ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮರುದಿನವೇ ಕೂತು ಪ್ರೋಗ್ರಾಂ ತಿದ್ದಿದೆ. 'ಇಲ್ಲಿ' ಎಂಬ ಪಾಪಿಷ್ಠ ಪದವನ್ನು ಬೇರುಸಹಿತ ಕಿತ್ತು, ಹಾಡುಗಳ ಪೂರ್ತಿ ವಿಳಾಸ ಬರೆದೆ. ಕಪ್ಪು ಕಿಟಕಿಯಿಂದ ತೆರೆದೆ, ವೀಣೆ ಒತ್ತಿ ತೆರೆದೆ, ಬೇರೆ ಬೇರೆ ಫೋಲ್ಡರಿನಿಂದ ತೆರೆದೆ. ಎಲ್ಲಿಂದ ತೆರೆದರೂ ಪ್ರಾರ್ಥನೆ ಪ್ರಾರ್ಥನೆಯೇ! ನನ್ನ ಮೀಸೆ ಮೆಲ್ಲಗೆ ಮತ್ತೆ ಮೇಲಕ್ಕೆ ತಿರುಗಿತು.

ಸರಿಯಾಗಿ ಆಗಲೇ ಫೋನು ಬಂತು.

"ರೇಣುಕಪ್ರಸಾದ್ ಮೇಷ್ಟ್ರಾ? ನಾನು ಕೆಂಪಕ್ಕ ಅಂತ, ಜಗಳೂರಿಂದ. ನಮ್ದೂ ಮಹಿಳಾ ಸಂಘ ಐತ್ರೀ. ನಿಮ್ಮ ಪ್ರೋಗ್ರಾಂ ಸುದ್ದಿ ಇಲ್ಲೀತನ ಬಂದೈತೆ! ಮುಂದಿನ ತಿಂಗಳು ನಮ್ಮ ವಾರ್ಷಿಕೋತ್ಸವ. ಭಾಷಣ ಮಾಡಾಕೆ ಮೂರು ಜನ ಅತಿಥಿಗಳನ್ನ ಕರೆದೀವಿ. ನೀವು ಲ್ಯಾಪ್‌ಟಾಪ್ ತಗೊಂಡು ಬರ್ಲೇಬೇಕು ಸಾರ್!"

ಜಗಳೂರು! ಜಿಲ್ಲೆಯ ಆಚೆ ತುದಿಗೆ ನನ್ನ ಕೀರ್ತಿ! ಅಡುಗೆಮನೆಗೆ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿ, ಎದೆಯುಬ್ಬಿಸಿ, ಕಂಠವನ್ನು ತಗ್ಗಿಸಿ ಹೇಳಿದೆ: "ಖಂಡಿತ ಬರ್ತೀನಮ್ಮ. ನೀವೇನೂ ಚಿಂತೆ ಮಾಡ್ಬೇಡಿ. ಆ ದಿನ ಆಗಿದ್ದ ಸಣ್ಣ ದೋಷಾನ ನಾನೇ ಕಂಡುಹಿಡಿದು ಪೂರ್ತಿ ಸರಿ ಮಾಡಿದೀನಿ. ಇನ್ನು ಹೆಂಗೆ ಶುರು ಮಾಡಿದ್ರೂ ಒಂದೇ ಒಂದು ಅಪಶಬ್ದ ಬರಲ್ಲ!"

ಆ ಕಡೆ ಯಾರೊಂದಿಗೋ ಗುಸುಗುಸು. ಆಮೇಲೆ ಕೆಂಪಕ್ಕನ ಧ್ವನಿ, ಬಾಡಿದ ಬಾಳೆಲೆಯಂತೆ:

"ಸರಿ ಮಾಡಿಬಿಟ್ರಾ ಸಾರ್? ಅಯ್ಯೋ... ಹಂಗಾದ್ರೆ ಬ್ಯಾಡ ಬಿಡ್ರಿ."